ಚನ್ನಮಲ್ಲ ಸರ್ ಅವರ ಫೋಲ್ಡರ್ ಅಳಿಸಿದ ಖಂಡೇನವಮಿ

ಹೊಸ ಚಾದರಿನ ಗಂಜಿಯ ವಾಸನೆ, ಚೆಂಡು ಹೂವಿನ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಡಿದರೆ ನಾನು ಇವತ್ತಿಗೂ ನಡೆಯುತ್ತಿದ್ದವಳು ನಿಂತುಬಿಡುತ್ತೇನೆ. ಸೋಲಾಪುರದ ಬಟ್ಟೆ ಪೇಟೆಯಲ್ಲಿ ಇವೆರಡೂ ಕೂಡುವುದು ವರ್ಷಕ್ಕೊಮ್ಮೆ, ಖಂಡೇನವಮಿಯ ದಿನ. ಮಗ್ಗ, ತಕ್ಕಡಿ, ಹೊಲಿಗೆ ಯಂತ್ರ, ಸ್ಕೂಟರು, ಕಂಪ್ಯೂಟರು, ಯಾವುದು ಅನ್ನ ಕೊಡುತ್ತದೆಯೋ ಅದಕ್ಕೆಲ್ಲ ಅವತ್ತು ಅರಿಷಿಣ ಕುಂಕುಮ ಹಚ್ಚಿ ಪೂಜೆ. ಪೂಜೆಯಾದ ಸಾಮಾನನ್ನು ಮರುದಿನ ದಸರೆಯ ಮುಹೂರ್ತದ ತನಕ ಯಾರೂ ಮುಟ್ಟುವಂತಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಅದೊಂದು ದಿನ ಅವುಗಳಿಗೆ ಸೂಟಿ. ಈ ಸಲ ಹಬ್ಬದ ಹೂ ತರಲು ಹೋದವಳು ಆ ವಾಸನೆಗೆ ಒಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಆ ವರ್ಷದ ಮಳೆಗಾಲ ಪೂರ್ತಿ ನೆನಪಾಯಿತು.

ಆಗ ನಾನು ರೇವಣಶೇಟ್ ಅವರ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಅದಕ್ಕೂ ಮೊದಲು ಹದಿನಾರು ವರ್ಷ ಟೈಪಿಂಗ್ ಕ್ಲಾಸಿನಲ್ಲಿ ಮಕ್ಕಳ ಬೆರಳು ತಿದ್ದಿದವಳು. ಟೈಪಿಂಗ್ ಕಲಿಯುವವರು ಇಲ್ಲವಾದಾಗ ಕ್ಲಾಸು ಮುಚ್ಚಿತು, ಶೇಟ್ ಕರೆದರು. ಅವರದು ಮೂರು ತಲೆಮಾರಿನ ಚಾದರು, ಟಾವೆಲ್ಲಿನ ಸಗಟು ವ್ಯಾಪಾರ. ಅಂಗಡಿಯ ಮಾಳಿಗೆಯ ಮೇಲೆ ನಾಲ್ಕು ಕಂಪ್ಯೂಟರು ಇಟ್ಟು, ಬೇರೆ ಅಂಗಡಿಗಳಿಗೆ, ದವಾಖಾನೆಗಳಿಗೆ ಬೇಕಾದ ಪ್ರೋಗ್ರಾಮು ಬರೆಸಿ ಕೊಡುವ ಹೊಸ ಧಂಧೆಗೆ ಕೈ ಹಾಕಿದ್ದರು. ಧಂಧೆ ಹೊಸದು, ಪದ್ಧತಿ ಹಳೆಯದು. ಬರೆದ ಪ್ರೋಗ್ರಾಮನ್ನು ಅವರು ಕಂಪ್ಯೂಟರಿನಲ್ಲಿ ಇಡಲು ಬಿಡುತ್ತಿರಲಿಲ್ಲ. ದಿನ ಸಂಜೆ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ, ಕೆಂಪು ಬಟ್ಟೆಯಲ್ಲಿ ಸುತ್ತಿ, ದೀಪ ಹಚ್ಚುವ ಮೊದಲು ಕೆಳಗಿನ ತಿಜೋರಿಗೆ ಸೇರಿಸಬೇಕು. ತಿಜೋರಿಯ ಕೀಲಿ ಅವರ ತಾಯಿಯ ಸೊಂಟದಲ್ಲಿ. ಆಕೆಯನ್ನು ಪೇಟೆಯವರೆಲ್ಲ ಆಯಿ ಅಂತಲೇ ಕರೆಯುತ್ತಿದ್ದರು. ನನಗೆ ಒಳಗೊಳಗೇ ನಗು. ಮೇಲೆ ಮಾತ್ರ ಗಪ್ಪಾಗಿ ಸುತ್ತಿ ಕೊಡುತ್ತಿದ್ದೆ.

ಚನ್ನಮಲ್ಲ ಸರ್ ಇದ್ದದ್ದು ಅಕ್ಕಲಕೋಟೆಯಲ್ಲಿ. ನನ್ನ ತವರೂ ಅಲ್ಲೇ. ಸಾಲೆಯಲ್ಲಿ ನನಗೆ ಗಣಿತ ಕಲಿಸಿದವರು. ನಿವೃತ್ತರಾದ ಮೇಲೆ ತಾವಾಗಿಯೇ ಪ್ರೋಗ್ರಾಮು ಬರೆಯಲು ಕಲಿತು, ಶೇಟ್ ಹೇಳಿದ ಕೆಲಸವನ್ನು ಮನೆಯಲ್ಲೇ ಕುಳಿತು ಮಾಡಿ ಕೊಡುತ್ತಿದ್ದರು. ಅವರ ಮನೆಗೂ ಎಸ್‌ಟಿ ಬಸ್ ಸ್ಟ್ಯಾಂಡಿಗೂ ನೂರು ಹೆಜ್ಜೆ. ಊರಲ್ಲಿ ಒಂದು ಟ್ರಸ್ಟಿನ ದವಾಖಾನೆ ಡಯಾಲಿಸಿಸ್ ಶುರು ಮಾಡಿದ ಮೇಲೆ, ಸಂಜೆ ಸ್ಟ್ಯಾಂಡಿನ ಕಡೆ ತಿರುಗಾಡಲು ಹೋದಾಗೆಲ್ಲ ಸರ್ ಒಂದೇ ನೋಟ ನೋಡುತ್ತಿದ್ದರು: ಕೈಗೆ ಪಟ್ಟಿ ಕಟ್ಟಿಸಿಕೊಂಡ ಹಳ್ಳಿಯವರು, ರಕ್ತ ತೊಳೆಸಿಕೊಂಡು ಸುಸ್ತಾದವರು, ಕಡೆಯ ಬಸ್ಸು ತಪ್ಪಿ ಬೆಂಚಿನ ಮೇಲೆ ಒರಗಿರುತ್ತಿದ್ದರು. ದವಾಖಾನೆಯವರು ಪಾಳಿ ಹಂಚುವಾಗ ಬಸ್ಸಿನ ಹೊತ್ತು ಯಾರೂ ನೋಡುತ್ತಿರಲಿಲ್ಲ. ಸರ್ ನೋಡಿದರು. ಯಾವ ಊರಿಗೆ ಯಾವ ಬಸ್ಸು, ಎಷ್ಟು ಹೊತ್ತಿಗೆ, ಸಂತೆಯ ದಿನ ಹ್ಯಾಗೆ, ಹೊಳೆ ಬಂದರೆ ಹ್ಯಾಗೆ, ಎಲ್ಲ ಲೆಕ್ಕ ಹಿಡಿದು ಪಾಳಿ ಹಚ್ಚುವ ಪ್ರೋಗ್ರಾಮನ್ನು ಎರಡು ವರ್ಷ ಕುಳಿತು ಬರೆದರು.

ಅದರಲ್ಲಿ ಇನ್ನೊಂದು ಸೊಗಸಿತ್ತು. ನಮ್ಮ ಕಡೆ ಮನೆಯಲ್ಲಿ ಆಡುವುದು ಕನ್ನಡ, ಸಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡ ಅಕ್ಷರ ಓದಲು ಬರುವವರು ಕಡಿಮೆ. ಮರಾಠಿ ಸಂದೇಶ ಕಳಿಸಿದರೆ ಮುದುಕರಿಗೆ ಅರ್ಧ ತಿಳಿದೀತು, ಅರ್ಧ ಇಲ್ಲ. ಸರ್ ಕನ್ನಡ ಮಾತನ್ನೇ ಮರಾಠಿಯ ಅಕ್ಷರದಲ್ಲಿ ಬರೆದರು. ಮೊಮ್ಮಕ್ಕಳು ಓದಿದರೆ ಅಜ್ಜಿಗೆ ತನ್ನ ಮಾತೇ ಕೇಳಬೇಕು. ‘ನಾಳಿ ಸಂಜಿ ನಿಮ್ಮ ಪಾಳಿ ಅದ. ಮುಗದ ಮ್ಯಾಲ ಬಸ್ ಬರ್ತದ. ಗಾಬರಿ ಆಗಬ್ಯಾಡ್ರಿ’ ಎಂದು ಅದು ಹಿಂದಿನ ದಿನವೇ ಫೋನಿಗೆ ಹೋಗುವಂತೆ ಮಾಡಿದ್ದರು.

ಆ ವರ್ಷ ಶ್ರಾವಣದಲ್ಲಿ ಮಳೆ ಕೈಕೊಟ್ಟಿತು, ಭಾದ್ರಪದದಲ್ಲಿ ಬಿಟ್ಟೂ ಬಿಡದೆ ಹೊಡೆಯಿತು. ಅದೇ ಹೊತ್ತಿಗೆ ಸರ್ ಕಣ್ಣು ಮಂಜಾಗುತ್ತ ಬಂತು. ಸಕ್ಕರೆ ರೋಗ ಕಣ್ಣಿನ ಒಳಪರದೆಗೆ ಇಳಿದಿತ್ತು. ನಾನು ತವರಿಗೆ ಹೋದಾಗೊಮ್ಮೆ ಅವರ ಕಂಪ್ಯೂಟರು ನೋಡಿ ಗಾಬರಿಯಾದೆ. ಒಂದೊಂದು ಅಕ್ಷರ ಹೆಬ್ಬೆರಳಿನಷ್ಟು ದೊಡ್ಡದು. ಪರದೆಯ ಮೇಲೆ ಏಳೆಂಟು ಸಾಲು ಮಾತ್ರ ಹಿಡಿಸುತ್ತಿದ್ದವು. ಹಿಂದಿನ ಸಾಲು ಏನಿತ್ತೆಂದು ತಿರುಗಿ ನೋಡುವುದೇ ಕಷ್ಟವಾದ್ದರಿಂದ ಅವರು ಎಲ್ಲವನ್ನೂ ಬಾಯಿಪಾಠ ಇಟ್ಟುಕೊಂಡು ಬರೆಯುತ್ತಿದ್ದರು. ಮಿರಜಿನ ಡಾಕ್ಟರು ದಸರೆಯ ಮರುದಿನ ಆಪರೇಶನ್ನು ಎಂದಿದ್ದರು. ದೃಷ್ಟಿ ಬರಬಹುದು, ಇದ್ದದ್ದೂ ಹೋಗಬಹುದು ಎಂದು ಮೊದಲೇ ಹೇಳಿಬಿಟ್ಟಿದ್ದರು.

ಅದೇ ವಾರ ದವಾಖಾನೆಯವರು ಪುಣೆಯ ತಮ್ಮ ಕಂಪ್ಯೂಟರಿನವರಿಂದ ಪತ್ರ ಹಾಕಿಸಿದರು. ಪ್ರೋಗ್ರಾಮನ್ನು ಪೆನ್‌ಡ್ರೈವಿನಲ್ಲಿ ತೆಗೆದುಕೊಳ್ಳುವುದಿಲ್ಲ, ಗಿಟ್‌ಗೆ ಹಾಕಿ ರಿಮೋಟ್ ರಿಪಾಜಿಟರಿಯಲ್ಲಿ ಇಡಿ, ದಸರೆ ಆದ ಕೂಡಲೇ ನಮ್ಮವರು ಅಲ್ಲಿಂದ ಇಳಿಸಿಕೊಳ್ಳುತ್ತಾರೆ ಎಂದು. ಗಿಟ್ ಅಂದರೆ ಬರೆದದ್ದರ ಪ್ರತಿಯೊಂದು ಬದಲಾವಣೆಯನ್ನೂ, ಯಾರು ಯಾವಾಗ ಮಾಡಿದರು ಎಂಬುದನ್ನೂ ನೆನಪಿಟ್ಟುಕೊಳ್ಳುವ ವ್ಯವಸ್ಥೆ. ರಿಪಾಜಿಟರಿ ಅಂದರೆ ಅದರ ಪ್ರತಿ ದೂರದ ಬೇರೊಂದು ಕಂಪ್ಯೂಟರಿನಲ್ಲಿ ಕ್ಷೇಮವಾಗಿ ಇರುವ ಜಾಗ. ಶೇಟ್ ಕೇಳಿದ ಕೂಡಲೇ ತಲೆ ಅಲ್ಲಾಡಿಸಿದರು.

“ನಮ್ಮ ಮಾಲು ಇನ್ನೊಬ್ಬರ ಗೋಡಾವುನ್‌ದಾಗ ಯಾಕ ಇಡೂಣ್ರಿ ಬಾಯಾರ? ಕೀಲಿ ಅವರ ಕೈಯಾಗ, ಮಾಲು ನಮ್ದು?”

ನಾನು ಮೂರು ದಿನ ಹೇಳಿ ಒಪ್ಪಿಸಿದೆ. ಗೋಡಾವುನ್ ಅವರದಾದರೂ ಬೀಗ ನಮ್ಮದು, ಸರ್ ಕಂಪ್ಯೂಟರು ಕೆಟ್ಟರೂ ಮಾಲು ಉಳಿಯುತ್ತದೆ ಎಂದೆ. ಕಡೆಗೆ ಅವರು ಈ ಕೆಲಸ ನಿಮಗೆ ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದುಬಿಟ್ಟೆ. ಬರುತ್ತಿರಲಿಲ್ಲ. ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿದ್ದೆ, ಅಷ್ಟೇ. ಹದಿನಾರು ವರ್ಷ ಕಲಿಸಿದವಳಿಗೆ ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಚನ್ನಮಲ್ಲ ಸರ್ ಮುಂದಂತೂ ಇನ್ನೂ ಕಷ್ಟ.

ಖಂಡೇನವಮಿಯ ಮುಂಜಾನೆ ಮೊದಲ ಬಸ್ಸಿಗೆ ಅಕ್ಕಲಕೋಟೆಗೆ ಹೊರಟೆ. ಸರ್ ಮರುದಿನ ನಸುಕಿಗೇ ಮಿರಜಿಗೆ ಹೋಗುವವರು, ಹಾಗಾಗಿ ಬೇರೆ ದಿನ ಇರಲಿಲ್ಲ. ಆಫೀಸಿನ ಲ್ಯಾಪ್‌ಟಾಪು ನನ್ನ ಚೀಲದಲ್ಲಿತ್ತು. ಎಲ್ಲ ಯಂತ್ರಗಳಿಗೂ ಹನ್ನೆರಡಕ್ಕೆ ಪೂಜೆ, ಅಷ್ಟರೊಳಗೆ ಅದನ್ನು ತಂದು ಮುಟ್ಟಿಸಬೇಕೆಂದು ಶೇಟ್ ತಾಕೀತು ಮಾಡಿದ್ದರು. ಹಸ್ತ ಮಳೆ ಸಣ್ಣಗೆ ಹನಿಯುತ್ತಿತ್ತು. ಜೋಳ ಬಿತ್ತುವ ಹದಕ್ಕೆ ಹೊಲಗಳು ಕಪ್ಪಗೆ ಕುಳಿತಿದ್ದವು. ನಾನು ಕಿಟಕಿಯ ಆಚೆ ನೋಡದೆ ಚೀಟಿಯಲ್ಲಿ ಬರೆದುಕೊಂಡ ಹತ್ತು ಹೆಜ್ಜೆಗಳನ್ನು ಮತ್ತೆ ಮತ್ತೆ ಓದುತ್ತಿದ್ದೆ.

ಸರ್ ಮನೆಯಲ್ಲಿ ಅವರ ಹೆಂಡತಿ ಶಾರದಾ ಕಾಕು ಆಗಲೇ ಹೂಮಾಲೆ ಪೋಣಿಸಿ ಇಟ್ಟಿದ್ದರು. ಹತ್ತೂವರೆಯ ನಂತರ ಹೊತ್ತು ಚಲೋ ಇಲ್ಲವಂತೆ, ಅಷ್ಟರೊಳಗೆ ಕಂಪ್ಯೂಟರು ಖಾಲಿ ಮಾಡಿ ಕೊಡು ಎಂದರು. ಮೊದಲು ಫೋಲ್ಡರಿನ ಒಂದು ಪ್ರತಿಯನ್ನು ಲ್ಯಾಪ್‌ಟಾಪಿಗೆ ತೆಗೆದುಕೊಳ್ಳಬೇಕು ಎಂದು ನನ್ನ ಚೀಟಿಯಲ್ಲೇ ಇತ್ತು. ಅದನ್ನು ಬಿಟ್ಟೆ. ದೂರದಲ್ಲಿ ಭದ್ರವಾಗಿ ಇಡಲಿಕ್ಕೇ ಬಂದಿರುವಾಗ ಇಲ್ಲಿ ಇನ್ನೊಂದು ಪ್ರತಿ ಯಾಕೆ ಎಂದುಕೊಂಡೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿಲ್ಲ.

ಸರ್ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಅವರಿಗೆ ಪರದೆ ಬರೀ ಬೆಳಕಿನ ಚೌಕ. ನಾನು ಏನು ಮಾಡುತ್ತಿದ್ದೇನೆ ಎಂದು ಬಾಯಿಯಲ್ಲಿ ಹೇಳುತ್ತ ಹೋಗಬೇಕಾಗಿತ್ತು. ಹಳೆಯ ಯಂತ್ರ, ಪ್ರೋಗ್ರಾಮು ಬರೆಯಲು ಅದಕ್ಕೆ ತಕ್ಕ ಹಳೆಯ ಎಡಿಟರು. ಅವರ ಫೋಲ್ಡರನ್ನು ತೆರೆದು, ಇದನ್ನು ಗಿಟ್‌ಗೆ ಸೇರಿಸು ಎಂಬ ಗುಂಡಿ ಒತ್ತಿದೆ. ಕೂಡಲೇ ಎಡಗಡೆ ಮುನ್ನೂರು ಚಿಲ್ಲರೆ ಫೈಲುಗಳ ಹೆಸರು ಸಾಲಾಗಿ ಬಂದು, ಇಷ್ಟು ಬದಲಾವಣೆಗಳಿವೆ ಎಂದು ತೋರಿಸಿತು. ನಾನು ಒಂದಕ್ಷರ ಮುಟ್ಟಿಲ್ಲ, ಇಷ್ಟೊಂದು ಬದಲಾವಣೆ ಎಲ್ಲಿಂದ ಬಂತು? ನನ್ನ ಕೈ ತಪ್ಪಿ ಏನೋ ಆಗಿದೆ ಎಂದುಕೊಂಡೆ. ನಿಜ ಏನೆಂದರೆ, ಗಿಟ್ ಆ ಫೈಲುಗಳನ್ನು ಮೊದಲ ಸಲ ನೋಡುತ್ತಿದ್ದರಿಂದ ಎಲ್ಲವೂ ಅದಕ್ಕೆ ಹೊಸವೇ, ಹೊಸದನ್ನು ರದ್ದು ಮಾಡು ಎಂದರೆ ಅದು ಫೈಲನ್ನೇ ಅಳಿಸುತ್ತದೆ. ಅದು ನನಗೆ ಆಗ ಗೊತ್ತಿರಲಿಲ್ಲ. ಪಕ್ಕದಲ್ಲಿ ಬದಲಾವಣೆಗಳನ್ನೆಲ್ಲ ರದ್ದು ಮಾಡುವ ಸೊಟ್ಟ ಬಾಣದ ಗುರುತಿತ್ತು. ರದ್ದು ಮಾಡಿದರೆ ಮೊದಲು ಹೇಗಿತ್ತೋ ಹಾಗಾಗುತ್ತದೆ ಎಂದು ಅದನ್ನು ಒತ್ತಿದೆ. ಎಡಿಟರು ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಕೇಳಿತು. ಒಳಗಿನಿಂದ ಕಾಕು ಆಯಿತೇ ಎಂದು ಕೂಗಿದರು.

“ಏನ ಕೇಳಾಕತ್ತದ?” ಎಂದರು ಸರ್.

“ಏನಿಲ್ರಿ ಸರ್, ಹೌದೋ ಅಲ್ಲೋ ಅಂತ ಕೇಳ್ತದ,” ಎಂದು ಹೌದು ಒತ್ತಿದೆ.

ಎಡಗಡೆಯ ಸಾಲು ಖಾಲಿಯಾಯಿತು. ಒಂದು ಕ್ಷಣ ಸಮಾಧಾನವೇ ಆಯಿತು. ಆಮೇಲೆ ಫೋಲ್ಡರು ತೆಗೆದು ನೋಡಿದೆ. ಒಳಗೆ ಏನೂ ಇರಲಿಲ್ಲ. ಕಸದ ಬುಟ್ಟಿ ತೆಗೆದು ನೋಡಿದೆ, ಅಲ್ಲೂ ಇಲ್ಲ. ಎಡಿಟರು ಮುಚ್ಚಿ ಮತ್ತೆ ತೆಗೆದೆ. ಎರಡು ವರ್ಷದ ಬರಹ, ಮುನ್ನೂರು ಚಿಲ್ಲರೆ ಫೈಲು, ಒಂದೂ ಉಳಿದಿರಲಿಲ್ಲ.

“ಹೋತೇನು?” ಎಂದು ಸರ್ ಕೇಳಿದರು. ಅವರು ಕೇಳಿದ್ದು ಸೋಲಾಪುರ, ಪುಣೆ ದಾಟಿ ಆ ದೂರದ ಜಾಗಕ್ಕೆ ಹೋಯಿತೇ ಎಂದು.

“ಹೋಗ್ತದ್ರಿ ಸರ್. ನೆಟ್ ಸಾವಕಾಶ ಅದ. ಸೋಲಾಪುರಕ್ಕ ಹೋಗಿ ಉಳದದ್ದ ಮಾಡ್ತೀನಿ,” ಎಂದೆ. ಇಂಥ ಸುಳ್ಳು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದಕ್ಕೆ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ.

ಕಾಕು ಬಂದು ಕಂಪ್ಯೂಟರು ಬಂದ್ ಮಾಡಿಸಿದರು. ಒದ್ದೆ ಬಟ್ಟೆಯಿಂದ ಒರೆಸಿ, ಅರಿಷಿಣ ಕುಂಕುಮ ಹಚ್ಚಿ, ಮಾಲೆ ಹಾಕಿ, ಕೀಬೋರ್ಡಿನ ಮೇಲೆ ಎರಡು ಹೂ ಇಟ್ಟರು. ಸರ್ ಕೈ ಮುಗಿದು ನಿಂತರು. ಒಳಗೆ ಏನೂ ಇಲ್ಲದ ಆ ಡಬ್ಬಿಗೆ ಅವರು ಕೈ ಮುಗಿಯುವುದನ್ನು ನಾನು ಒಬ್ಬಳೇ ಗೊತ್ತಿದ್ದು ನೋಡಿದೆ. ಕಾಕು ಕೊಟ್ಟ ಕಡಬನ್ನು ಚೀಲಕ್ಕೆ ಹಾಕಿಕೊಂಡೆ. ಬಸ್ಸು ತಪ್ಪುತ್ತದೆ ಎಂದು ಹೇಳಿ ಎದ್ದು ಬಂದೆ.

ನನಗೆ ಉಳಿದಿದ್ದ ದಾರಿ ಒಂದೇ. ನವಮಿಗೆ ಐದು ದಿನ ಮೊದಲು ಸರ್ ಗುರುತಿನ ಕಂಡಕ್ಟರನ ಕೈಯಲ್ಲಿ ಪೆನ್‌ಡ್ರೈವು ಕಳಿಸಿದ್ದರು. ಆ ದಿನದ ತನಕದ ಪ್ರತಿ ಅದರಲ್ಲಿತ್ತು, ಅದು ತಿಜೋರಿಯಲ್ಲಿತ್ತು. ಕಡೆಯ ಐದು ದಿನದ ಕೆಲಸ ಎಲ್ಲೂ ಇರಲಿಲ್ಲ. ಬಸ್ಸು ಹಳ್ಳ ಬಂದಲ್ಲೆಲ್ಲ ನಿಂತು ನಿಂತು ಹೋಗುತ್ತಿತ್ತು. ಮಳೆ ಜೋರಾಗಿತ್ತು. ಹನ್ನೆರಡರೊಳಗೆ ಮುಟ್ಟಿದರೆ ಯಾರಿಗೂ ಏನೂ ಹೇಳದೆ ತಿಜೋರಿ ತೆಗೆಸಿ ಪೆನ್‌ಡ್ರೈವು ಕೇಳಬಹುದು ಎಂಬ ಲೆಕ್ಕದಲ್ಲೇ ಇದ್ದೆ. ಅಂಗಡಿ ಮುಟ್ಟಿದಾಗ ಹನ್ನೆರಡೂಮುಕ್ಕಾಲು. ತಿಜೋರಿಯ ಹಿಡಿಕೆಗೆ ಹಸಿರು ತೋರಣ, ನೂಲಿನ ದಾರ ಕಟ್ಟಿ, ಎದುರಿಗೆ ತೆಂಗಿನಕಾಯಿ ಒಡೆದಾಗಿತ್ತು.

ಲ್ಯಾಪ್‌ಟಾಪು ತಡವಾಗಿ ತಂದೆ ಎಂದು ಶೇಟ್ ಮುಖ ಗಂಟು ಹಾಕಿಕೊಂಡರು. ನಾನು ಪೆನ್‌ಡ್ರೈವು ಬೇಕಾಗಿತ್ತು ಎಂದೆ. ನಾಳೆ ಮುಹೂರ್ತಕ್ಕೆ ತೆಗೆಯುತ್ತೇವೆ, ಇವತ್ತು ಏನು ಅವಸರ ಎಂದರು. ಏನೋ ಸ್ವಲ್ಪ ತಾಳೆ ನೋಡಬೇಕಾಗಿದೆ ಎಂದು ಮತ್ತೊಂದು ಸುಳ್ಳು ಹೇಳಿದೆ. ಗಾದಿಯ ಮೇಲೆ ಕುಳಿತಿದ್ದ ಆಯಿ ನನ್ನನ್ನೇ ನೋಡುತ್ತಿದ್ದಳು. ಎಂಬತ್ತು ದಾಟಿದ ಹೆಂಗಸು, ಗಿರಾಕಿ ಮೆಟ್ಟಿಲು ಹತ್ತುವಾಗಲೇ ಕೊಳ್ಳುತ್ತಾನೋ ಇಲ್ಲವೋ ಹೇಳುತ್ತಿದ್ದಳು. ಮಗನನ್ನು ಒಳಗೆ ಊಟಕ್ಕೆ ಕಳಿಸಿ, ನನ್ನನ್ನು ಹತ್ತಿರ ಕೂರಿಸಿಕೊಂಡಳು. ಏನಾಯಿತು ಎಂದು ಕೇಳಿದಳು. ನನಗೆ ಅಲ್ಲೇ ಅಳು ಬಂತು. ಎಲ್ಲ ಹೇಳಿದೆ. ಅವಳಿಗೆ ಗಿಟ್ ತಿಳಿಯಲಿಲ್ಲ. ಮಾಸ್ತರರು ಎರಡು ವರ್ಷ ಬರೆದದ್ದನ್ನು ಒಂದು ಗುಂಡಿ ಒತ್ತಿ ಅಳಿಸಿದೆ, ಅವರಿಗೆ ಇನ್ನು ಬರೆಯಲು ಕಣ್ಣಿಲ್ಲ ಎಂಬುದು ಮಾತ್ರ ಚೆನ್ನಾಗಿ ತಿಳಿಯಿತು.

“ಆ ಮಾಸ್ತರಗ ಗೊತ್ತದ ಏನು?”

“ಇಲ್ರಿ ಆಯಿ. ಆಪರೇಶನ್ ಆಗೂ ತನಕ ಹೇಳೂದು ಬ್ಯಾಡ ಅಂತ…”

“ತಿಜೋರಿ ನಾ ತೆಗಿತೀನಿ,” ಎಂದಳು ಆಯಿ. “ದೇವ್ರ ಮುಂದ ತಪ್ಪಾತು ಅನ್ಲಿಕ್ಕ ನಂಗ ಬರ್ತದ. ಆದರ ಮೊದ್ಲ ನೀ ಅವ್ರಿಗಿ ಫೋನ ಹಚ್ಚು. ಹೇಳಿದ ಮ್ಯಾಲ ಕೀಲಿ.”

ನನಗೆ ಆ ಮುದುಕಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಮುಹೂರ್ತದ ತನಕ ಕಾಯುವುದೇ ಇದಕ್ಕಿಂತ ಸುಲಭ ಅನ್ನಿಸಿತು. ಆದರೆ ಮುಹೂರ್ತದ ಹೊತ್ತಿಗೆ ಸರ್ ಮಿರಜಿನ ದಾರಿಯಲ್ಲಿರುತ್ತಾರೆ. ಐದು ದಿನದ ಕೆಲಸ ಅವರ ತಲೆಯಲ್ಲಿ ಮಾತ್ರ ಇತ್ತು. ಫೋನು ಹಚ್ಚಿದೆ. ಎರಡು ಸಲ ಕಟ್ಟಾಯಿತು. ಮೂರನೆಯ ಸಲ ಸರ್ ಎತ್ತಿದರು. ಪೀಠಿಕೆ ಹಾಕಲು ಧೈರ್ಯ ಸಾಲದೆ, ನಿಮ್ಮ ಫೋಲ್ಡರು ಅಳಿಸಿ ಹೋಗಿದೆ, ನಾನೇ ಅಳಿಸಿದೆ ಎಂದುಬಿಟ್ಟೆ. ಅವರ ಮನೆಯ ತಗಡಿನ ಮೇಲೆ ಮಳೆ ಬೀಳುವುದು ಕೇಳುತ್ತಿತ್ತು.

“ಮುಂಜಾನಿ ಅದು ಏನ ಕೇಳಿತ್ತು?”

“ಇವನ್ನೆಲ್ಲಾ ಅಳಸಲೇನು, ಅಳಸಿದ್ರ ಮತ್ತ ಬರಂಗಿಲ್ಲ ಅಂತ ಕೇಳಿತ್ರಿ.”

“ನೀ ಓದಿದ್ದಿ?”

“ಅರ್ಧ ಓದಿದ್ದೆರಿ ಸರ್.”

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಸರ್ ಪೆನ್‌ಡ್ರೈವು ತೆಗೆದುಕೊಂಡು ಸಿಕ್ಕ ಬಸ್ಸಿಗೆ ಬಾ, ಐದು ದಿನದ್ದನ್ನು ಹೇಳುತ್ತೇನೆ ಎಂದರು. ನಾನು ಫೋನು ಇಡುವಷ್ಟರಲ್ಲಿ ಆಯಿ ತಿಜೋರಿಯ ಮುಂದೆ ನಿಂತಿದ್ದಳು. ಒಂದು ಸಲ ಗಲ್ಲ ಗಲ್ಲ ಬಡಿದುಕೊಂಡು, ದಾರ ಹರಿದು, ಕೀಲಿ ತಿರುವಿದಳು. ಊಟ ಮುಗಿಸಿ ಬಂದ ಶೇಟ್ ಅದನ್ನು ನೋಡಿ, ಹರಿದ ದಾರವನ್ನು ಎತ್ತಿ ತಿಜೋರಿಯ ಮೇಲೆ ಇಟ್ಟರು.

ಮತ್ತೆ ಅಕ್ಕಲಕೋಟೆ ಮುಟ್ಟಿದಾಗ ನಾಲ್ಕು ಹೊಡೆದಿತ್ತು. ಸರ್ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಕಾಯುತ್ತಿದ್ದರು. ಪೂಜೆಯಾದ ಕಂಪ್ಯೂಟರು ಹಚ್ಚಲು ಕಾಕು ಸುತರಾಂ ಒಪ್ಪಲಿಲ್ಲ. ಆಪರೇಶನ್ನಿಗೆ ಹೊರಟ ಮನೆ, ಇವತ್ತೇ ಯಾಕೆ ಅಪಶಕುನ ಎಂದರು. ಆಗ ಚೀಲದಲ್ಲಿದ್ದ ಲ್ಯಾಪ್‌ಟಾಪು ನೆನಪಾಯಿತು. ತಡವಾಗಿ ಹೋದದ್ದಕ್ಕೆ ಅದಕ್ಕೆ ಪೂಜೆಯೇ ಆಗಿರಲಿಲ್ಲ. ಹಾಗಾದರೆ ಅಡ್ಡಿಯಿಲ್ಲ ಎಂದು ಕಾಕು ತಾವೇ ಮೇಜಿನ ಮೇಲೆ ಜಾಗ ಮಾಡಿ ಕೊಟ್ಟರು. ಸೋಲಾಪುರ, ಅಕ್ಕಲಕೋಟೆ ಎರಡರಲ್ಲೂ ಆ ದಿನ ದುಡಿಯಲು ಪರವಾನಗಿ ಇದ್ದ ಕಂಪ್ಯೂಟರು ಅದೊಂದೇ ಇದ್ದಿರಬೇಕು.

ಪೆನ್‌ಡ್ರೈವಿನಲ್ಲಿ ಮೂರು ಫೋಲ್ಡರುಗಳಿದ್ದವು. ‘ನವೀನ’, ‘ಶೇವಟಚಾ’, ‘ಶೇವಟಚಾ ಖರೇ’. ಹೊಸದು, ಕಡೆಯದು, ನಿಜವಾದ ಕಡೆಯದು. ಯಾವುದನ್ನು ತೆಗೆಯಲಿ ಎಂದು ಸರ್‌ಗೆ ಕೇಳಿದೆ. ಇನ್ನು ಕೇಳದೆ ಒಂದು ಗುಂಡಿ ಮುಟ್ಟುವುದಿಲ್ಲ ಎಂದು ಬಸ್ಸಿನಲ್ಲೇ ಆಣೆ ಹಾಕಿಕೊಂಡಿದ್ದೆ. ಮೂರನೆಯದು ಎಂದರು. ಮೊದಲು ಅದರ ಪ್ರತಿ ಮಾಡಿದೆ. ಆಮೇಲೆ ಸರ್ ಕಣ್ಣು ಮುಚ್ಚಿ ಹೇಳತೊಡಗಿದರು.

ಸಾಲೆಯಲ್ಲಿ ಉಕ್ತಲೇಖನ ಹೇಳಿದಂತೆಯೇ ಹೇಳಿದರು. ಯಾವ ಫೈಲು, ಎಲ್ಲಿ ಕಂಸ ತೆರೆಯಬೇಕು, ಎಲ್ಲಿ ಮುಚ್ಚಬೇಕು, ಹೊಸ ಸಾಲು ಎಷ್ಟು ಜಾಗ ಬಿಟ್ಟು ಶುರುವಾಗಬೇಕು. ನಡುವೆ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಒಂದೂವರೆ ತಾಸು ಬರುತ್ತದೆ ಎಂದೆ. ಅವರು ಇನ್ನೂ ಬೇಗ ಹೇಳತೊಡಗಿದರು. ನಾನು ಟೈಪಿಂಗ್ ಕ್ಲಾಸಿನಲ್ಲಿ ಕಲಿಸಿದ್ದೆಲ್ಲ ಆ ಸಂಜೆ ಉಪಯೋಗಕ್ಕೆ ಬಂತು. ಪ್ರತಿ ಹತ್ತು ಸಾಲಿಗೆ ಓದಿ ಹೇಳುತ್ತಿದ್ದೆ, ಅವರು ತಿದ್ದುತ್ತಿದ್ದರು. ಒಂದು ಕಡೆ ಸರ್ ನಿಂತರು.

“ಇಲ್ಲಿ ಒಂದು ಸಾಲ ಇತ್ತು. ಯಾವುದೋ ಊರಿಂದು. ಬರವಲ್ದು.”

ಊರುಗಳ ಹೆಸರು ಒಂದೊಂದಾಗಿ ಓದಿದೆ. ಹಣೆ ತಿಕ್ಕಿಕೊಂಡರು. ಕಾಕು ಚಹಾ ತಂದಿಟ್ಟರು, ಅದು ಆರಿಹೋಯಿತು. ಬ್ಯಾಟರಿ ಕಾಲು ಭಾಗಕ್ಕೆ ಬಂದಿತ್ತು. ಕಡೆಗೆ ಮುಂದೆ ಹೋಗು ಎಂದರು. ಅವರು ಗಣಿತದಲ್ಲಿ ಒಂದು ಹೆಜ್ಜೆಯನ್ನೂ ಬಿಟ್ಟವರಲ್ಲ.

ಬರೆದು ಮುಗಿದ ಮೇಲೆ ಗಿಟ್‌ಗೆ ಸೇರಿಸಲು ಹೋದರೆ, ಮೊದಲು ನೀವು ಯಾರು ಹೇಳಿ ಎಂದು ಅದು ಕೇಳಿತು. ಅದನ್ನೂ ಓದಿ ಹೇಳಿದೆ. ಕೀ ಒತ್ತಿದವಳು ನೀನು, ನಿನ್ನ ಹೆಸರೇ ಹಾಕು ಎಂದರು ಸರ್. ಈ ಒಂದು ಮಾತು ಮಾತ್ರ ನಾನು ಕೇಳಲಿಲ್ಲ. ಅವರ ಹೆಸರು ಹಾಕಿದೆ. ಆಮೇಲೆ ಫೋನಿನ ನೆಟ್ ಹಿಡಿದು, ದೂರದ ರಿಪಾಜಿಟರಿಯ ವಿಳಾಸ ಕೊಟ್ಟು ಕಳಿಸಿದರೆ, ತೆಗೆದುಕೊಳ್ಳುವುದಿಲ್ಲ ಎಂದು ತಿರುಗಿ ಬಂತು. ಅಕ್ಷರ ಅಕ್ಷರ ಓದಿದೆ. ಅಲ್ಲಿ ಆಗಲೇ ಒಂದು ಫೈಲಿದೆ, ಅದು ನಿಮ್ಮ ಹತ್ತಿರ ಇಲ್ಲ, ಮೊದಲು ಅದನ್ನು ತನ್ನಿ ಎನ್ನುತ್ತಿತ್ತು. ಹಿಂದಿನ ವಾರ ನಾನೇ ಅಲ್ಲಿ ಪರಿಚಯದ ಪುಟವೊಂದನ್ನು ಇಟ್ಟು ಮರೆತಿದ್ದೆ. ಜಬರ್ದಸ್ತಿಯಿಂದ ಅದರ ಮೇಲೆ ಹಾಕುವ ದಾರಿಯೂ ಇದೆ ಎಂದು ಹೇಳಿದೆ.

“ಜಬರ್ದಸ್ತಿ ಬ್ಯಾಡ,” ಎಂದರು ಸರ್. “ಅಲ್ಲಿಂದು ತರ್ಸು. ಕೂಡ್ಸು. ಆಮ್ಯಾಲ ಕಳಸು.”

ಹಾಗೆಯೇ ಮಾಡಿದೆ. ಹೋಯಿತು. ಬ್ಯಾಟರಿ ಸತ್ತದ್ದು ಅದಾಗಿ ಕೆಲವೇ ನಿಮಿಷಕ್ಕೆ. ಕಾಕು ದೇವರ ಮುಂದೆ ದೀಪ ಹಚ್ಚುತ್ತಿದ್ದರು. ನನ್ನ ಫೋನಿನಲ್ಲಿ ರಿಪಾಜಿಟರಿ ತೆಗೆದು, ಅಲ್ಲಿ ಸೇರಿದ್ದ ಫೈಲುಗಳ ಹೆಸರನ್ನು ಮೇಲಿನಿಂದ ಕೆಳಗಿನ ತನಕ ಸರ್‌ಗೆ ಓದಿದೆ. ಮುನ್ನೂರು ಚಿಲ್ಲರೆ ಹೆಸರು. ಅವರು ಒಂದಕ್ಕೂ ಸಾಕು ಎನ್ನಲಿಲ್ಲ. ಮರುದಿನ ನಸುಕಿಗೆ ಅವರು ಮಿರಜಿಗೆ ಹೊರಟರು.

ಆಪರೇಶನ್ನಿನಲ್ಲಿ ಬಲಗಣ್ಣು ಹೋಯಿತು. ಎಡಗಣ್ಣಿನಲ್ಲಿ ಕಿಟಕಿ ಎಲ್ಲಿದೆ ಎಂದು ತಿಳಿಯುವಷ್ಟು ಬೆಳಕು ಉಳಿಯಿತು. ಪುಣೆಯವರು ಪ್ರೋಗ್ರಾಮು ಇಳಿಸಿಕೊಂಡರು, ದವಾಖಾನೆಯಲ್ಲಿ ಪಾಳಿ ಶುರುವಾಯಿತು. ದಿನವೂ ನೂರೆಂಟು ಸಲ ನೋಡುತ್ತಿದ್ದೆ. ಎಲ್ಲ ಸರಿಯಾಗಿ ನಡೆದಿತ್ತು. ಮೂರನೆಯ ವಾರ ದವಾಖಾನೆಯಿಂದ ಫೋನು ಬಂತು. ವಾಗದರಿಯ ನಾಗವ್ವ ಎಂಬ ಮುದುಕಿಗೆ ಸಂತೆಯ ದಿನ ಸಂಜೆಯ ಪಾಳಿ ಬಿದ್ದಿತ್ತು. ಸಂತೆಯ ದಿನ ವಾಗದರಿಯ ಸಂಜೆ ಬಸ್ಸು ಹೊತ್ತಿಗೆ ಕಾಯುವುದಿಲ್ಲ, ತುಂಬಿದ ಕೂಡಲೇ ಹೊರಟುಬಿಡುತ್ತದೆ. ಅವಳಿಗೆ ಬಸ್ಸು ತಪ್ಪಿತ್ತು.

ನಾನು ಕುಳಿತಲ್ಲಿಂದ ಎದ್ದು ನಿಂತೆ. ಸರ್ ಅವತ್ತು ನೆನಪು ಮಾಡಿಕೊಳ್ಳಲಾರದ ಸಾಲು ಅದೇ. ವಾಗದರಿಯವರಿಗೆ ಸಂತೆಯ ದಿನ ಮುಂಜಾನೆಯ ಪಾಳಿಯೇ ಕೊಡಬೇಕು. ಕೂಡಲೇ ಅದನ್ನು ಬರೆದೆ, ಎರಡು ಸಲ ಪರೀಕ್ಷೆ ಮಾಡಿದೆ, ರಿಪಾಜಿಟರಿಗೆ ಕಳಿಸಿದೆ. ಏನು ಬದಲಾಯಿಸಿದೆ ಎಂದು ಬರೆಯುವ ಜಾಗದಲ್ಲಿ, ಇದು ನಾನು ಅಳಿಸಿದ ಸಾಲು ಎಂದು ಬರೆದು, ಈ ಸಲ ನನ್ನ ಹೆಸರೇ ಹಾಕಿದೆ. ತಲೆಯ ಮೇಲಿನ ಭಾರ ಇಳಿದಂತಾಯಿತು. ಖುಷಿಯಲ್ಲೇ ಸರ್‌ಗೆ ಫೋನು ಹಚ್ಚಿ, ಸಾಲು ಸಿಕ್ಕಿತು ಎಂದು ಪೂರ್ತಿ ಓದಿ ಹೇಳಿದೆ. ಸರ್ ಕೇಳಿಸಿಕೊಂಡರು.

“ಬರೋಬರ ಅದ. ಸಾಲ ಇರ್ಲಿ,” ಎಂದರು. “ಆ ಮುದುಕಿ ಆವತ್ತ ಮನಿಗಿ ಹ್ಯಾಂಗ ಹೋದ್ಲು?”

“ಕೇಳಿಲ್ರಿ ಸರ್,” ಎಂದೆ.

ಮರುದಿನ ಶೇಟ್‌ಗೆ ಸೂಟಿ ಕೇಳಿ ವಾಗದರಿಗೆ ಹೋದೆ. ನಾಗವ್ವ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಿದ್ದಳು. ಕೈಯ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ನಾನು ಯಾರೆಂದು ಹೇಳಿದೆ, ತಪ್ಪು ನನ್ನದು ಎಂದೂ ಹೇಳಿದೆ. ಅವಳಿಗೆ ತಪ್ಪು ಯಾವುದೆಂದು ತಿಳಿಯಲಿಲ್ಲ. ಬಸ್ಸು ಹೋದ ಮೇಲೆ ಒಂದು ಜೀಪು ಇತ್ತಂತೆ, ಊರಿನವರು ಕರೆದರಂತೆ, ಅವಳು ಹತ್ತಲಿಲ್ಲವಂತೆ. ಸ್ಟ್ಯಾಂಡಿನ ಬೆಂಚಿನ ಮೇಲೆಯೇ ಬೆಳಗು ಮಾಡಿದ್ದಳು. ಯಾಕೆ ಹತ್ತಲಿಲ್ಲ ಎಂದು ಕೇಳಿದೆ. ಅವಳು ಸೆರಗಿನ ಗಂಟಿನಿಂದ ಫೋನು ತೆಗೆದು, ಸರ್ ಬರೆದ ಸಂದೇಶ ತೋರಿಸಿದಳು.

“ಬಸ್ ಬರ್ತದ, ಗಾಬರಿ ಆಗಬ್ಯಾಡ್ರಿ ಅಂತ ಬರದದಲ್ಲವ್ವ,” ಎಂದಳು. “ನಮ್ಮ ಮಾತಿನ್ಯಾಗ ಬರದವರು ಸುಳ್ಳ ಯಾಕ ಹೇಳ್ತಾರ ಅಂತ ಕುಂತೆ.”

ನಾನು ಅವಳ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತೆ.